ಹಿತ್ತಲ ಕೊಳ ಮದ್ದಲ್ಲ

ಬೇಸಿಗೆ ಬಂತೆಂದರೆ ದಾವಣಗೆರೆಯ ಗಂಡಸರಿಗೆ ಎರಡು ಬಗೆಯ ತಲೆಬಿಸಿ. ಒಂದು ಸೂರ್ಯನದು, ಇನ್ನೊಂದು ಪಕ್ಕದ ಮನೆಯವರದು. ಸೂರ್ಯನಿಗಾದರೆ ಕೊಡೆ ಹಿಡಿಯಬಹುದು. ಪಕ್ಕದವರು ಎರಡನೇ ಏಸಿ ಹಾಕಿಸಿ, ಅದರ ಹಿಂಬದಿಯ ಬಿಸಿಗಾಳಿಯನ್ನು ನಮ್ಮ ಕಿಟಕಿಗೇ ಬಿಟ್ಟರೆ ಯಾವ ಕೊಡೆ ಹಿಡಿಯೋಣ? ಅವರ ಏಸಿಗೆ ಉತ್ತರ ಕೊಡುವಂಥದ್ದೇನಾದರೂ ಸಿಕ್ಕೀತೇ ಎಂದು ನಡುರಾತ್ರಿ ಮೊಬೈಲ್ ಉಜ್ಜುತ್ತಿದ್ದಾಗ ಕಣ್ಣಿಗೆ ಬಿತ್ತು, ಮನೆಯಲ್ಲೇ ಜೋಡಿಸಿಕೊಳ್ಳುವ ಈಜುಕೊಳ. ನೆಲ ಅಗೆಯಬೇಕಿಲ್ಲ, ಟೈಲ್ಸ್ ಹಾಕಬೇಕಿಲ್ಲ. ಪೈಪು ಸಿಕ್ಕಿಸಿ, ಹಾಳೆ ಕಟ್ಟಿ, ನೀರು ಬಿಟ್ಟರಾಯಿತು. ಚಿತ್ರದಲ್ಲಿ ಹಸಿರು ಹುಲ್ಲು, ನೀಲಿ ಕೊಳ, ಒಳಗೆ ಯಾವುದೋ ದೇಶದ ಸಂಸಾರ. ಗಂಡ ನಗುತ್ತಿದ್ದ. ಹೆಂಡತಿಯೂ ನಗುತ್ತಿದ್ದಳು. ಗಂಡ ತನ್ನಷ್ಟಕ್ಕೆ ಏನನ್ನೋ ಕೊಂಡು ತಂದ ಮೇಲೂ ಹೆಂಡತಿ ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಬಟನ್ ಒತ್ತಿಯೇಬಿಟ್ಟೆ.

ಪೆಟ್ಟಿಗೆ ಬಂದ ದಿನ ನನ್ನವಳು ನಗಲಿಲ್ಲ. "ಏನ್ರೀ ಇದು? ಶಾಮಿಯಾನದವರ ಸಾಮಾನು ನಮ್ಮನೇಗ್ಯಾಕೆ ಬಂತು?" ಎಂದಳು. ಹತ್ತು ಅಡಿ ಅಗಲ, ಎರಡೂವರೆ ಅಡಿ ಎತ್ತರ, ಹಿಡಿಯುವ ನೀರು ಹತ್ತಿರ ಹತ್ತಿರ 4,500 ಲೀಟರ್ ಎಂದು ಎದೆಯುಬ್ಬಿಸಿ ಹೇಳಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಈಜು ಬರುತ್ತಾ?" ಇಂಥ ಅಡ್ಡ ಮಾತುಗಳಿಗೆಲ್ಲ ತಲೆ ಕೆಡಿಸಿಕೊಂಡರೆ ಸಂಸಾರ ಮಾಡಲಾಗುತ್ತದೆಯೇ?

ನನ್ನ ಯೋಜನೆಯಲ್ಲಿ ಕೊಳದ ಜಾಗ ತಾರಸಿ. ಪಕ್ಕದ ಮನೆಯವರಿಗೆ ಚೆನ್ನಾಗಿ ಕಾಣುವುದು ಅಲ್ಲೇ. ಮೆಟ್ಟಿಲು ಹತ್ತಿಸುವ ಗಲಾಟೆ ಕೇಳಿ ಎದುರು ಮನೆಯ ಇಂಜಿನಿಯರ್ ಸಾಹೇಬರು ಬಂದರು. ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾಗಿದ್ದಾರೆ, ಲೆಕ್ಕ ಮಾತ್ರ ನಿವೃತ್ತಿಯಾಗಿಲ್ಲ. ಪೆಟ್ಟಿಗೆಯ ರಟ್ಟಿನ ಮೇಲೆಯೇ ಪೆನ್ನಿನಲ್ಲಿ ಬರೆದರು: ಒಂದು ಘನ ಮೀಟರ್ ನೀರು ಸಾವಿರ ಕೆ.ಜಿ. ಎರಡಡಿ ನೀರು ನಿಲ್ಲಿಸಿದರೆ ಚದರ ಮೀಟರಿಗೆ 600 ಕೆ.ಜಿ. ಜನ ಓಡಾಡುವ ತಾರಸಿಗೆ ಲೆಕ್ಕ ಹಿಡಿಯುವ ಭಾರ ಸುಮಾರು 150. "ಒಟ್ಟು ನಾಲ್ಕೂವರೆ ಟನ್ ಆಗ್ತದ್ರಿ. ಆನೆ ಸಾಕಿದಂಗೆ. ಕೆಳಗೆ ಯಾರ ರೂಮು?"

ಕೆಳಗೆ ನಮ್ಮ ಅತ್ತೆಯವರ ಮಂಚ.

ಹೆಂಡತಿ ನನ್ನನ್ನು ಒಂಥರಾ ನೋಡಿದಳು. ದೇವರಾಣೆಗೂ ನನಗೆ ಅಂಥ ಯೋಚನೆ ಇರಲಿಲ್ಲ. ಹರಪನಹಳ್ಳಿ ಕಡೆಯಿಂದ ಬೇಸಿಗೆ ಕಳೆಯಲು ಬಂದಿದ್ದ ಅತ್ತೆ, ಶಾಲೆ ಶುರುವಾದ ತಕ್ಷಣ ಊರಿಗೆ ಹೊರಡುವವರಿದ್ದರು. ಅಷ್ಟು ಹತ್ತಿರದಲ್ಲಿ ಬಿಡುಗಡೆ ಇಟ್ಟುಕೊಂಡು ಯಾರಾದರೂ ತಾರಸಿ ಕೆಡವುತ್ತಾರೆಯೇ?

ಕೊಳ ಹಿತ್ತಲಿಗಿಳಿಯಿತು. ಬಟ್ಟೆ ಒಗೆಯುವ ಕಲ್ಲಿಗೂ ಕರಿಬೇವಿನ ಗಿಡಕ್ಕೂ ನಡುವೆ ಲೆಕ್ಕ ಹಾಕಿದಷ್ಟೇ ಜಾಗ. ನೆಲ ಸಮತಟ್ಟಾಗಿರಬೇಕು ಎಂದು ಪುಸ್ತಿಕೆಯಲ್ಲಿ ಹತ್ತಾರು ಭಾಷೆಗಳಲ್ಲಿ ಬರೆದಿದ್ದರು. ಅವುಗಳಲ್ಲಿ ಕನ್ನಡ ಇರಲಿಲ್ಲವಾದ್ದರಿಂದ ಅದು ನಮಗೆ ಅನ್ವಯಿಸುವುದಿಲ್ಲವೆಂದು ತಿಳಿದೆ. ಮನೆ ಕಟ್ಟುವಾಗ ಮಳೆನೀರು ಚರಂಡಿಗೆ ಹರಿಯಲೆಂದು ಹಿತ್ತಲಿಗೆ ಮೂರು ಇಂಚು ವಾಟ ಕೊಟ್ಟಿದ್ದೆವು. ಅದನ್ನು ಕೊಡಿಸಿದವರೂ ಎದುರು ಮನೆಯ ಸಾಹೇಬರೇ. ಗಾರೆಯವನನ್ನು ಕರೆಯೋಣ, ಲೆವೆಲ್ ಪೈಪು ಹಿಡಿದು ನೋಡುತ್ತಾನೆ ಎಂದ ಬಾಮೈದ. "ನನ್ನ ಕಣ್ಣೇ ಲೆವೆಲ್ ಕಣೋ" ಎಂದು ನಾಲ್ಕು ಬುಟ್ಟಿ ಮರಳು ಎರಚಿ, ಕಾಲಲ್ಲಿ ತುಳಿದು ಮುಗಿಸಿದೆ. ಮೇಲೆ ಹಾಸಲು ಒಂದು ಹಳೆಯ ಫ್ಲೆಕ್ಸ್ ಸಿಕ್ಕಿತು. ಯಾರದೋ ಹುಟ್ಟುಹಬ್ಬಕ್ಕೆ ಶುಭಾಶಯ ಕೋರಿದ ಮುಖಂಡರ ದೊಡ್ಡ ಮುಖ, ಸುತ್ತ ಸಣ್ಣ ಮುಖಗಳು. ಎಲ್ಲರೂ ಕೈಮುಗಿದುಕೊಂಡೇ ನೆಲಕ್ಕೆ ಹೋದರು.

ಇನ್ನು ಪೈಪುಗಳ ಕಥೆ. ಅಡ್ಡ ಪೈಪು, ನಿಲ್ಲುವ ಪೈಪು, ಅವೆರಡನ್ನು ಕೂಡಿಸುವ ಜಾಯಿಂಟು, ಜಾಯಿಂಟು ಬಿಚ್ಚದಂತೆ ಪಿನ್ನು. ಈ ಕಡೆ ಸಿಕ್ಕಿಸಿದರೆ ಆ ಕಡೆ ಕಳಚಿಕೊಳ್ಳುತ್ತದೆ. ಒಂದು ತುದಿ ನಾನು, ಇನ್ನೊಂದು ತುದಿ ಬಾಮೈದ, ನಡುವೆ ಮೊಬೈಲ್ ಹಿಡಿದು ವಿಡಿಯೊ ನೋಡಿ ಹೇಳುವ ಮಗಳು. "ಅಪ್ಪಾ, ಅವರು ಆಗಲೇ ನೀರಿಗಿಳಿದ್ರು!" ಎಂದು ಹುರಿದುಂಬಿಸುತ್ತಿದ್ದಳು. ಸಂಜೆಯ ಹೊತ್ತಿಗೆ ಕೊಳ ನಿಂತಿತು. ಒಂದು ಹಿಡಿ ಪಿನ್ನು ಮಿಕ್ಕಿತು. ಹೆಚ್ಚುವರಿ ಕೊಟ್ಟಿರುತ್ತಾರೆ ಎಂದೆ. ಹೆಂಡತಿ ಅವನ್ನು ಜೋಪಾನವಾಗಿ ಸಾಸಿವೆ ಡಬ್ಬಿಯ ಪಕ್ಕ ಇಟ್ಟಳು. ಮುಂದೆ ಸಾಕ್ಷಿಗೆ ಬೇಕಾಗುತ್ತದಲ್ಲ.

ನೀರು ಎಲ್ಲಿಂದ ತರುವುದು? ಭದ್ರಾ ನಾಲೆಯ ನೀರು ಕುಂದವಾಡ ಕೆರೆಗೆ ಬಂದು, ಅಲ್ಲಿಂದ ನಲ್ಲಿಗೆ ಬಂದು, ನಲ್ಲಿಯಿಂದ ನಮ್ಮ ಸಂಪಿಗೆ ಬರುವಷ್ಟರಲ್ಲಿ ಅದು ಹೆಂಡತಿಯ ಸೊತ್ತಾಗಿರುತ್ತದೆ. ಅದನ್ನು ಮುಟ್ಟುವಂತಿಲ್ಲ. ಟ್ರ್ಯಾಕ್ಟರ್ ಟ್ಯಾಂಕರ್ ತರಿಸಿದೆ. ಬೀದಿಯವರೆಲ್ಲ ಗೇಟಿಗೆ ಬಂದು ನಿಂತರು. ನಾನು ಕಾದಿದ್ದ ಗಳಿಗೆ ಅದೇ. ಟ್ಯಾಂಕರಿನವನು ಪೈಪು ಎಳೆದುಕೊಂಡು ಹಿತ್ತಲಿಗೆ ಬಂದು, ಕೊಳವನ್ನು ಒಂದು ಸುತ್ತು ನೋಡಿ, ಬಹಳ ಗೌರವದಿಂದ ಕೇಳಿದ: "ಎಮ್ಮೆ ಎಷ್ಟು ಅದಾವ್ರಿ?"

ನೀರು ತುಂಬಿದಂತೆ ನನ್ನ ಕಣ್ಣಿನ ಲೆವೆಲ್ಲು ಬಯಲಾಯಿತು. ನೀರಿಗೆ ದಾಕ್ಷಿಣ್ಯ ಇಲ್ಲ ನೋಡಿ. ಕಲ್ಲಿನ ಕಡೆ ಅಂಚಿಗೆ ಮುಟ್ಟಿದ ನೀರು, ಕರಿಬೇವಿನ ಕಡೆ ಇನ್ನೂ ಮೂರು ಇಂಚು ಕೆಳಗಿತ್ತು. ಹೊಟ್ಟೆ ಉಬ್ಬಿಸಿಕೊಂಡು ಕೊಳ ಒಗೆಯುವ ಕಲ್ಲಿಗೆ ಒರಗಿತು. ಸಾಹೇಬರು ಕಾಂಪೌಂಡಿನ ಆಚೆಯಿಂದ, "ವಾಟ ಚೆನ್ನಾಗಿ ಉಳಿದೈತೆ ನೋಡ್ರಿ" ಎಂದು ತಮ್ಮ ಹಳೆಯ ಕೆಲಸವನ್ನೇ ಮೆಚ್ಚಿಕೊಂಡರು. ಆ ಒಗೆಯುವ ಕಲ್ಲು ಇರದಿದ್ದರೆ ಆ ದಿನ ಇಡೀ ಬೀದಿಗೆ ಈಜು ಬಂದಿರುತ್ತಿತ್ತು.

ಮರುದಿನ ಮುಂಜಾನೆ ಉದ್ಘಾಟನೆ. ಅದಕ್ಕೆಂದೇ ತರಿಸಿದ ಕಡುಗೆಂಪು ಚಡ್ಡಿ, ಕನ್ನಡಕ, ತಲೆಗೆ ರಬ್ಬರ್ ಟೋಪಿ. ಇಷ್ಟು ವೇಷ ಹಾಕಿ ಇಳಿದರೆ ನೀರು ಮೊಣಕಾಲು ದಾಟಿ ಒಂದಿಷ್ಟು ಮೇಲಕ್ಕೆ. ಕೈ ಚಾಚಿದರೆ ಆಚೆ ದಡ, ಕಾಲು ಚಾಚಿದರೆ ಈಚೆ ದಡ. ಆದರೂ ಬಿಡದೆ ಬೋರಲು ಬಿದ್ದೆ. ಆರ್ಕಿಮಿಡೀಸ್ ಹೇಳಿದ್ದನ್ನು ನಾನು ಮರೆತಿದ್ದರೂ ನೀರು ಮರೆತಿರಲಿಲ್ಲ. ತೇಲುವ ದೇಹ ತನ್ನ ತೂಕದಷ್ಟೇ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ನಾನು ತೊಂಬತ್ತು ಕೆ.ಜಿ. ಅಂಚಿಗೆ ಬಂದು ನಿಂತಿದ್ದ ನೀರು ಬಳಕ್ಕನೆ ಹೊರಬಿತ್ತು. "ನಿಮ್ಮದೊಂದು ಮುಳುಗಿಗೆ ನಾಲ್ಕು ಬಕೆಟ್ ದಂಡ! ಇಳಿಯೋದೇ ಆದ್ರೆ ಗಿಡದ ಕಡೆಯಿಂದ ಇಳೀರಿ, ಕರಿಬೇವಿಗಾದ್ರೂ ನೀರಾಗುತ್ತೆ" ಎಂದಳು ಹೆಂಡತಿ. ಅಂದಿನಿಂದ ನನ್ನ ಈಜು ಗಿಡಗಳಿಗೆ ನೀರು ಬಿಡುವ ವೇಳೆಗೆ ನಿಗದಿಯಾಯಿತು.

ಆಮೇಲೆ ಬೀದಿಯ ಮಕ್ಕಳೆಲ್ಲ ಇಳಿದರು, ಮೈಯ ಧೂಳು, ತಲೆಯ ಕೊಬ್ಬರಿ ಎಣ್ಣೆ ಸಮೇತ. ಕೊಳದ ಜತೆ ಬಂದ ಫಿಲ್ಟರು ಕಾಫಿ ಲೋಟದಷ್ಟಿತ್ತು. ಅದು ಕೈಚೆಲ್ಲಿತು. ನೀರು ಹಸಿರಾಯಿತು. ದಿನಾ ಬೆಳಿಗ್ಗೆ ಬ್ಲೀಚಿಂಗ್ ಪೌಡರ್ ಸುರಿದೆ. ಕ್ಲೋರಿನ್ನನ್ನು ಬಿಸಿಲು ನುಂಗಿಬಿಡುತ್ತದೆ, ಸಂಜೆ ಹಾಕಬೇಕು ಎಂದು ಮಗಳು ಓದಿ ಹೇಳುವ ಹೊತ್ತಿಗೆ ನೀರು ಹಸಿರಾಗಿಯೇ ಉಳಿದಿತ್ತು, ಚಡ್ಡಿ ಮಾತ್ರ ಬೆಳ್ಳಗಾಗಿತ್ತು.

ಆಗ ಬಂದರು ಆಶಾ ಕಾರ್ಯಕರ್ತೆ, ಲಾರ್ವಾ ಸಮೀಕ್ಷೆಗೆ. ಡ್ರಮ್ಮು, ಹೂಕುಂಡ, ಫ್ರಿಜ್ಜಿನ ಹಿಂದಿನ ತಟ್ಟೆ ಎಲ್ಲ ನೋಡುತ್ತಾ ಹಿತ್ತಲಿಗೆ ಬಂದವರು ಕೊಳ ಕಂಡು ಗಕ್ಕನೆ ನಿಂತರು. ಟಾರ್ಚ್ ಬಿಟ್ಟರು. ನಾನು ಇಷ್ಟು ದಿನ ಒದ್ದಾಡಿಯೂ ಮಾಡಲಾಗದ್ದನ್ನು ಅಲ್ಲಿ ಸಣ್ಣ ಸಣ್ಣ ಹುಳುಗಳು ಸಲೀಸಾಗಿ ಮಾಡುತ್ತಿದ್ದವು. ಬಾಗುತ್ತಾ, ಬಳುಕುತ್ತಾ, ಸೊಗಸಾದ ಈಜು. "ಎಂಟು-ಹತ್ತು ದಿನದಾಗೆ ಇವೆಲ್ಲ ಸೊಳ್ಳೆ ಆಗ್ತಾವೆ ಸರ್. ದಂಡ ಐತೆ, ಗೊತ್ತಲ್ಲ?" ಗೊತ್ತಿತ್ತು. 2024ರ ಸೆಪ್ಟೆಂಬರಿನಲ್ಲಿ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ಎಂದು ಸಾರಿದಾಗ, ಸೊಳ್ಳೆ ಬೆಳೆಸುವ ಪಟ್ಟಣದ ಮನೆಗಳಿಗೆ 400 ರೂಪಾಯಿ ಎಂದಿತ್ತು. "ನೀರು ಚೆಲ್ಲಿಬಿಡ್ರಿ. ಇಲ್ಲಾಂದ್ರೆ ಗಪ್ಪಿ ಮೀನು ಬಿಡ್ರಿ, ಲಾರ್ವಾನೆಲ್ಲ ತಿಂತಾವೆ."

ನಾಲ್ಕೂವರೆ ಸಾವಿರ ಲೀಟರ್ ಚೆಲ್ಲುವ ಮಾತು ಕೇಳಿಯೇ ಅತ್ತೆಯವರು ಎದೆ ಹಿಡಿದುಕೊಂಡರು. ಮೀನು ಬಂದವು. ಬಂದ ಮೇಲೆ ಧರ್ಮಸಂಕಟ ಶುರುವಾಯಿತು. ಮೀನು ಬದುಕಬೇಕೆಂದರೆ ಬ್ಲೀಚಿಂಗ್ ಹಾಕುವಂತಿಲ್ಲ. ಬ್ಲೀಚಿಂಗ್ ಇಲ್ಲದ ನೀರಿಗೆ ನಾನು ಇಳಿಯುವಂತಿಲ್ಲ. ಕೊಳದಲ್ಲಿ ಮೀನಿರಬೇಕೋ, ನಾನಿರಬೇಕೋ? ಊಟದ ಹೊತ್ತಿಗೆ ಮನೆಯಲ್ಲಿ ಚರ್ಚೆಯಾಯಿತು. ಚರ್ಚೆ ಎಂದರೆ, ಅನ್ನಕ್ಕೆ ಸಾರು ಬಡಿಸುವಷ್ಟರೊಳಗೆ ಮುಗಿಯಿತು. ನನ್ನ ಪರವಾಗಿ ಒಂದು ಮತ ಬಿತ್ತು, ಅದೂ ನನ್ನದೇ. ಮೀನುಗಳಿಗೆ ಈಜು ಬರುತ್ತದೆ ಎಂಬುದು ಎದುರು ಪಕ್ಷದ ಮುಖ್ಯ ವಾದ.

ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ, ಬಿಡಿ. ಗಂಡಸು ಸಾಮಾನು ತರಬಹುದು, ಅದು ಯಾತಕ್ಕೆ ಬರಬೇಕೆಂದು ತೀರ್ಮಾನಿಸುವುದು ಮನೆ. ತೂಕ ಇಳಿಸಲು ನಾನು ತಂದ ತಕ್ಕಡಿಯಲ್ಲಿ ಇವತ್ತು ರದ್ದಿ ಪೇಪರ್ ತೂಗುತ್ತಾರೆ. ಹಾಗೆಯೇ ಕೊಳವೂ ಅತ್ತೆಯವರದಾಯಿತು. ಸಂಜೆಯಾದರೆ ಸ್ಟೂಲ್ ಹಾಕಿಕೊಂಡು ಕೂತು, ಒಂದೊಂದೇ ಮಂಡಕ್ಕಿ ಪುಡಿ ಮಾಡಿ ಹಾಕುತ್ತಾ ಮೀನುಗಳ ಜತೆ ಮಾತಾಡುತ್ತಾರೆ. ನನ್ನ ಜತೆ ಅಷ್ಟು ಹೊತ್ತು ಎಂದೂ ಮಾತಾಡಿದವರಲ್ಲ. ಬೀದಿಯಲ್ಲಿ ಮಾತ್ರ, "ಶುದ್ಧ ಸಸ್ಯಾಹಾರಿಗಳು ಅಂತಿದ್ರು, ಹಿತ್ತಲಲ್ಲಿ ಮೀನು ಸಾಕ್ತಾರಂತೆ" ಎಂಬ ಗುಸುಗುಸು ಎದ್ದಿದೆ. ಬಿಸಿಲಿಗೆ ಆರಿಹೋದ ನೀರನ್ನು ದಿನಾ ಎರಡು-ಮೂರು ಬಕೆಟ್ ಹೊತ್ತು ಸುರಿಯುವ ಹೊಣೆ ನನ್ನದು.

ಶಾಲೆ ಶುರುವಾಗುವ ದಿನ ಹತ್ತಿರ ಬಂತು. ಅತ್ತೆಯವರಿಗೆ ಬಸ್ಸಿನ ಸೀಟು ಕಾದಿರಿಸಲೇ ಎಂದು ಆದಷ್ಟು ದುಃಖದ ದನಿಯಲ್ಲಿ ಕೇಳಿದೆ. ಅವರು ಕೊಳದಿಂದ ಕಣ್ಣು ತೆಗೆಯದೆ ಹೇಳಿದರು: "ಈಗೆಲ್ಲಿ ಹೋಗಲಿ ಅಳಿಯಂದ್ರೆ? ಗಪ್ಪಿ ಮೊಟ್ಟೆ ಇಡಲ್ವಂತೆ, ನೇರ ಮರೀನೇ ಹಾಕ್ತಾವಂತೆ. ಆಗ್ಲೇ ಮೂರಕ್ಕೆ ಹೊಟ್ಟೆ ಕಾಣ್ತೈತೆ. ಬಾಣಂತನ ಮುಗಿಸದೆ ಹೆಂಗೆ ಬಿಟ್ಟು ಹೋಗ್ಲಿ?"

ಗಪ್ಪಿಗಳು ಸುಮಾರು ನಾಲ್ಕು ವಾರಕ್ಕೊಮ್ಮೆ ಮರಿ ಹಾಕುತ್ತವಂತೆ, ವರ್ಷವಿಡೀ.