ಸಿಂಹಗಳಿಗೆ ಬಾಡಿಗೆ ಮನೆ

ಮಗುವಿಗೆ ಹೆಸರಿಡುವ ಕಾಲ ಬಂತೆಂದರೆ ಮನೆಮಂದಿಯೆಲ್ಲ ನಿಘಂಟುಕಾರರಾಗಿಬಿಡುತ್ತಾರೆ. ಹೆಸರು ಎರಡಕ್ಷರದ್ದಾಗಿರಬೇಕು, ಬೀದಿಯಲ್ಲಿ ಇನ್ನೊಬ್ಬರಿಗೆ ಇರಬಾರದು, ನಕ್ಷತ್ರಕ್ಕೆ ಹೊಂದಬೇಕು, ಎಲ್ಲಕ್ಕಿಂತ ಮಿಗಿಲಾಗಿ ‘ಮೀನಿಂಗ್’ ಚೆನ್ನಾಗಿರಬೇಕು. ಮೊಬೈಲು ತಡಕಿ ತಡಕಿ, ಉಪನಿಷತ್ತಿನಲ್ಲಿದೆಯಂತೆ ಎಂಬ ವದಂತಿಯ ಬಲದ ಮೇಲೆ ಒಂದನ್ನು ಆರಿಸಿ, ತಟ್ಟೆಯ ಅಕ್ಕಿಯ ಮೇಲೆ ಬರೆದು, ಕೂಸಿನ ಕಿವಿಯಲ್ಲಿ ಉಸುರುತ್ತಾರೆ. ಮಾರನೆಯ ದಿನದಿಂದ ಅದು ಪಾಪು, ಇಲ್ಲವೇ ಚಿನ್ನು. ಹೆಸರಿನ ಅರ್ಥ ನಾಮಕರಣದ ಹೋಳಿಗೆಯ ಜೊತೆಗೇ ಅರಗಿಹೋಗುತ್ತದೆ. ಆಮೇಲೆ ಜೀವಮಾನವಿಡೀ ದುಡಿಯುವುದು ಅದರ ಮೂಲ ಮಾತ್ರ ಎಂಬುದು ನನ್ನ ವಾದ.

ಸಾಕ್ಷಿಗಾಗಿ ಮೈಸೂರು ಬಿಟ್ಟು ಹೋಗಬೇಕಾಗಿಲ್ಲ. ದೇವರಾಜ ಅರಸು ರಸ್ತೆಯಲ್ಲಿ ಬಟ್ಟೆ ಕೊಳ್ಳುವವರು ಯಾರೂ ಆ ಹೆಸರನ್ನು ಬಿಡಿಸಿ ನೋಡುವುದಿಲ್ಲ. ದೇವ, ರಾಜ, ಅರಸು: ಒಂದೇ ಹೆಸರಿನಲ್ಲಿ ಎರಡು ಸಿಂಹಾಸನ, ಮೇಲೊಬ್ಬ ದೇವರು. ಆ ಹೆಸರಿನ ಮುಖ್ಯಮಂತ್ರಿಯಾದರೋ 1974ರ ಭೂಸುಧಾರಣೆಯಲ್ಲಿ ಉಳುವವನನ್ನು ಹೊಲದೊಡೆಯನನ್ನಾಗಿ ಮಾಡಿದರು. ಒಡೆಯರ ಊರಿನಲ್ಲಿ ಗೇಣಿದಾರನನ್ನು ಒಡೆಯನಾಗಿಸಿದ್ದು ಅರಸು! ಇತ್ತ ಒಂಟಿಕೊಪ್ಪಲಿನಲ್ಲಿ ಪುಟ್ಟಪ್ಪ ಎಂಬುವರಿದ್ದರು. ಪುಟ್ಟ ಎಂದರೆ ಚಿಕ್ಕದು. ಜ್ಞಾನಪೀಠಕ್ಕಾಗಲಿ, ರಾಷ್ಟ್ರಕವಿ ಎಂಬ ಬಿರುದಿಗಾಗಲಿ, ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿ ಪಟ್ಟಕ್ಕಾಗಲಿ ಆ ಹೆಸರು ಅಡ್ಡಬರಲಿಲ್ಲ. ಕುಪ್ಪಳಿಯ ಕು, ತಂದೆ ವೆಂಕಟಪ್ಪನವರ ವೆಂ, ಪುಟ್ಟಪ್ಪನ ಪು ಕೂಡಿ ಆದ ‘ಕುವೆಂಪು’ವಿಗಂತೂ ನಿಘಂಟಿನ ಅರ್ಥವೇ ಇಲ್ಲ. ಊರು, ಅಪ್ಪ, ಮಗ, ಬರೀ ಮೂಲ. ಆದರೂ ಕನ್ನಡದಲ್ಲಿ ಅದಕ್ಕಿಂತ ತೂಕದ ಹೆಸರು ಹುಡುಕುವುದು ಕಷ್ಟ. ಅದೇ ಕವಿ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ ಎಂದು ಅರ್ಥ ತುಂಬಿ ತುಳುಕುವ ಹೆಸರಿಟ್ಟರಲ್ಲ ಎಂದು ಯಾರಾದರೂ ತಕರಾರು ತೆಗೆದಾರು. ಇಟ್ಟರು, ನಿಜ. ಆದರೆ ಹುಣ್ಣಿಮೆಯ ಹೊಳಪು ಹೊತ್ತ ಮಗ ಮೂಡಿಗೆರೆ ಸೇರಿ, ಚಂದ್ರನ ಕಡೆ ನೋಡುವುದು ಬಿಟ್ಟು ನೀರಿಗೆ ಗಾಳ ಹಾಕಿ ಕೂತರು.

ಅರ್ಥಕ್ಕೆ ಬೆಲೆಯಿಲ್ಲದಿದ್ದರೆ ನಮ್ಮ ಹಿರಿಯರು ತಿಪ್ಪಯ್ಯ, ತಿಪ್ಪಮ್ಮ ಎಂದು ಯಾಕೆ ಇಡುತ್ತಿದ್ದರು? ಇದು ಗಟ್ಟಿ ಪ್ರಶ್ನೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಕೂಸಿಗೆ ತಿಪ್ಪೆಯ ಹೆಸರಿಟ್ಟರೆ ಯಮ ಹೇಸಿಕೊಂಡು ಬಿಟ್ಟು ಹೋಗುತ್ತಾನೆಂಬ ನಂಬಿಕೆ. ಒಪ್ಪೋಣ. ಆದರೆ ಅಲ್ಲಿಯೂ ಅರ್ಥ ಬೇಕಾಗಿದ್ದುದು ಯಮನಿಗೇ ಹೊರತು ಮಗುವಿಗಲ್ಲ. (ಯಮನಿಗೆ ಕನ್ನಡ ಬರುತ್ತದೆಂಬುದು ನಮಗೊಂದು ಹೆಮ್ಮೆ.) ಎಂದೂ ಸುಳ್ಳಾಗದ ಅರ್ಥವೇ ಬೇಕಿದ್ದರೆ ನಮ್ಮ ಜಿಲ್ಲೆಯ ಬೈಲಕುಪ್ಪೆಯ ಟಿಬೆಟನ್ನರಿಂದ ಕಲಿಯಬೇಕು. ಅವರಲ್ಲಿ ಶುಕ್ರವಾರ ಹುಟ್ಟಿದರೆ ಪಾಸಾಂಗ್, ಶನಿವಾರವಾದರೆ ಪೆಂಬಾ ಎಂದಿಡುವ ರೂಢಿಯುಂಟು. ಘಾನಾದ ಅಕಾನರಲ್ಲಿ ಶುಕ್ರವಾರದ ಗಂಡುಮಗು ಕೋಫಿ. ವಿಶ್ವಸಂಸ್ಥೆಯ ಕೋಫಿ ಅನ್ನಾನ್ ಹೆಸರಿಗೂ ಫಿಲ್ಟರ್ ಕಾಫಿಗೂ ಸಂಬಂಧವಿಲ್ಲವೆಂದು ಮೈಸೂರಿನವರಿಗೆ ಹೇಳಿಬಿಡುವುದು ಒಳ್ಳೆಯದು. ಹುಡುಗ ಪರೀಕ್ಷೆಯಲ್ಲಿ ಡುಮ್ಕಿ ಹೊಡೆದರೂ ಶುಕ್ರವಾರ ಶುಕ್ರವಾರವೇ. ಪ್ರವೀಣ ಎಂದು ಹೆಸರಿಟ್ಟ ಅಪ್ಪನಿಗೆ ಆ ನೆಮ್ಮದಿಯಿಲ್ಲ.

ಇನ್ನು ಮೂಲದ ಕಾರುಬಾರು ನೋಡಬೇಕಾದರೆ ಸಿಂಹಗಳನ್ನು ಗಮನಿಸಬೇಕು. ಯುವರಾಜ ಕಂಠೀರವ ನರಸಿಂಹರಾಜರ ಹೆಸರಿನಲ್ಲಿ ಎರಡು ಸಿಂಹಗಳಿದ್ದವು. ಅರಬ್ಬಿಯ ಹೈದರ್ ಎಂದರೂ ಸಿಂಹ. ಪಂಜಾಬಿನ ಸಿಂಗ್ ಸಿಂಹ, ಯೂರೋಪಿನ ಲಿಯೋ ಸಿಂಹ. ಅರ್ಥವೇ ಮುಖ್ಯವಾಗಿದ್ದರೆ ಇವರೆಲ್ಲ ಒಂದೇ ಗುಹೆಯವರಾಗಬೇಕಿತ್ತು. ಊರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ತಿಳಿಯುತ್ತದೆ. ‘ಪೂರ್ತಿ ಹೆಸರೇನು?’ ಎಂದು ಕೇಳುವ ಮನೆ ಯಜಮಾನರಿಗೆ ಬೇಕಾಗಿರುವುದು ಅರ್ಥವಲ್ಲ. ಹೈದರ್ ಎಂದರೂ ನಿಮ್ಮ ಮನೆದೇವರ ಸಿಂಹವೇ ಸ್ವಾಮಿ ಎಂದು ಎಷ್ಟು ಬಿಡಿಸಿ ಹೇಳಿದರೂ ಅವರ ಬೆರಳು ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಬೋರ್ಡಿನ ಕಡೆ ಹೋಗುತ್ತದೆ. ಕಂಬ ಒಡೆದು ಬಂದು ಹೊಸ್ತಿಲ ಮೇಲೆ ಕೂತು ಹೊಟ್ಟೆ ಬಗೆದ ನರಸಿಂಹನಿಗೆ ಮಾತ್ರ ಆ ಷರತ್ತು ಹಾಕಿದವರಿಲ್ಲ.