ಜಾಣ ಮಗುವನ್ನು ಹದ್ದುಬಸ್ತಿನಲ್ಲಿಡುವ ವಿಧಾನ

ಮೊದಲು ಲಕ್ಷಣ ಗುರುತಿಸಿ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಪಕ್ಕದ ಮನೆಯ ಅಕ್ಕನ ಹತ್ತಿರ ತಮಿಳು ಆಡುವ ಮಗು ನಿಮ್ಮ ಮನೆಯಲ್ಲಿದ್ದರೆ ಗಾಬರಿಯಾಗಬೇಡಿ. ಮುಂಬಯಿಯ ಧಾರಾವಿಯಲ್ಲಿ ಇದು ನೆಗಡಿಯಷ್ಟೇ ಸಾಮಾನ್ಯ. ಆದರೆ ಅದು ಕರೆಂಟ್ ಬಿಲ್ಲಿನ ಮೊತ್ತದಲ್ಲಿ ತಪ್ಪು ಹಿಡಿದು "ಯಾಕೆ ಹೀಗೆ?" ಎಂದು ಕೇಳಿತೋ, ತಡಮಾಡದೆ ಚಿಕಿತ್ಸೆ ಶುರುಮಾಡಿ.

ಜಾಣತನವನ್ನು ವ್ಯರ್ಥ ಮಾಡಬೇಡಿ, ಕೆಲಸಕ್ಕೆ ಹಚ್ಚಿ. ಸಂಜೆ ಹೊತ್ತು ತೇರಾ ಕಂಪೌಂಡಿನ ಭಂಗಾರ, ಅಂದರೆ ಗುಜರಿ, ಗೋದಾಮಿನಲ್ಲಿ ಕೂರಿಸಿ. ಒಡೆದ ಡಬ್ಬಿಯ ಚೂರನ್ನು ಕಲ್ಲಿಗೆ ಬಡಿದು ಸದ್ದು ಕೇಳಿ, ಅಂಚನ್ನು ಸುಟ್ಟು ಹೊಗೆ ಮೂಸಿ, ಇದು ಯಾವ ಪ್ಲಾಸ್ಟಿಕ್, ಯಾವ ಮೂಟೆಗೆ ಹೋಗಬೇಕು ಎಂದು ಹುಡುಗ ಬೇಗನೆ ಹೇಳತೊಡಗುತ್ತಾನೆ. ಇದಕ್ಕೆ ರಸಾಯನಶಾಸ್ತ್ರ ಎಂಬ ಹೆಸರಿದೆಯೆಂದು ಮಾತ್ರ ಯಾರೂ ಬಾಯಿಬಿಡಬಾರದು. ನಡೆದೇ ಹೋಗಬಹುದಾದ ಮಾಟುಂಗಾದಲ್ಲಿ, 1933ರಲ್ಲಿ ಶುರುವಾದ, ರಾಸಾಯನಿಕ ತಂತ್ರಜ್ಞಾನವನ್ನೇ ಕಲಿಸುವ ದೊಡ್ಡ ಸಂಸ್ಥೆಯೊಂದಿದೆ. ಅದರ ಗೇಟಿನ ಮುಂದೆ ಹಾಯುವಾಗ ಮಗನಿಗೆ ಕುಲ್ಫಿ ಕೊಡಿಸಿ.

ಮಗಳಾದರೆ ಕೆಲಸ ಇನ್ನೂ ಹಗುರ. ನಸುಕಿನಲ್ಲಿ ನಲ್ಲಿ ನೀರು ಬರುವ ಹೊತ್ತಿಗೆ ಎಬ್ಬಿಸಿ, ಡ್ರಮ್ಮು ತುಂಬಿಸಿ, ತಮ್ಮನನ್ನು ಕಂಕುಳಿಗೆ ಕೊಡಿ. ಉಳಿದದ್ದು ತಾನಾಗಿ ಆಗುತ್ತದೆ.

ಶಾಲೆಯ ವಿಷಯದಲ್ಲಿ ಸಮಯಪ್ರಜ್ಞೆ ಮುಖ್ಯ. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅದರಲ್ಲೊಂದು. ಅಲ್ಲಿ ಐದನೆಯವರೆಗೆ ನೆಮ್ಮದಿಯಿಂದ ಓದಲು ಬಿಡಿ. ಲೆಕ್ಕದ ರುಚಿ ಹತ್ತಿದ ಕೂಡಲೇ ಕಿತ್ತು, ಇಂಗ್ಲಿಷ್ ಮೀಡಿಯಂ ಎಂದು ಬೋರ್ಡು ಬರೆಸಿಕೊಂಡ, ಸರ್ಕಾರದ ಅನುದಾನವಿಲ್ಲದ ಓಣಿಯ ಶಾಲೆಗೆ ಹಾಕಿ. ಟೈ ಕಟ್ಟಿದ ಮೇಲೆ ಮಗು ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತದೆ. ಅದನ್ನು ಶಿಸ್ತು ಎಂದು ಬಂಧುಗಳಿಗೆ ತಿಳಿಸಿ.

ಇದರಿಂದ ಇನ್ನೊಂದು ಲಾಭವುಂಟು. ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನ ಇದೆ. ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ತಂದೆತಾಯಿಯ ವರಮಾನ ಮೂರೂವರೆ ಲಕ್ಷ ಮೀರಬಾರದು. ಅಂದರೆ ನಿಮ್ಮನ್ನೇ ಗುರಿಯಿಟ್ಟು ಮಾಡಿದ ಯೋಜನೆ, ಹುಷಾರು! ಸರ್ಕಾರಿ, ಪಾಲಿಕೆ, ಅನುದಾನಿತ ಶಾಲೆಗಳ ಮಕ್ಕಳಿಗೆ ಮಾತ್ರ ಇದು ಸಿಗುವುದರಿಂದ ಟೈ ಕಟ್ಟಿಸಿದವರು ಆಗಲೇ ಪಾರಾಗಿದ್ದಾರೆ. ಮಗು ಇನ್ನೂ ಪಾಲಿಕೆ ಶಾಲೆಯಲ್ಲೇ ಇದ್ದು, ಏಳನೆಯಲ್ಲಿ ಬೇಕಾದ ಶೇ. 55 ಅಂಕವನ್ನೂ ತಂದುಬಿಟ್ಟರೆ ಕಾಗದಪತ್ರಗಳನ್ನು ನಂಬಿ. ಆಧಾರ್‌ನಲ್ಲಿ ಮಲ್ಲಿಕಾರ್ಜುನ, ಶಾಲೆಯ ರಿಜಿಸ್ಟರಿನಲ್ಲಿ ಮಲ್ಲು ಎಂದಿರಲಿ. ವರಮಾನದ ದಾಖಲೆಗೆ ಕೊನೆಯ ದಿನ ಮಧ್ಯಾಹ್ನ ಊಟ ಮುಗಿಸಿಕೊಂಡು ಹೋಗಿ. ಇಷ್ಟಾದರೂ ಹಾಲ್ ಟಿಕೆಟ್ ಬಂತೇ? ಪರೀಕ್ಷೆಯ ವಾರ ಕಲಬುರಗಿಯ ಗಾಡಿ ಹತ್ತಿ. ಊರಲ್ಲಿ ಯಾರದಾದರೂ ಮದುವೆ ಇದ್ದೇ ಇರುತ್ತದೆ.

ಕೆಲವು ಅಪಾಯಗಳನ್ನು ಬೇರೆಯವರೇ ತಡೆದುಕೊಟ್ಟಿದ್ದಾರೆ. ಆರನೆಯ ಮತ್ತು ಒಂಬತ್ತನೆಯ ತರಗತಿಯವರಿಗೆ ಮುಂಬಯಿಯ ವಿಜ್ಞಾನ ಶಿಕ್ಷಕರ ಸಂಘ ನಡೆಸುವ ಹೋಮಿ ಭಾಭಾ ಬಾಲವೈಜ್ಞಾನಿಕ ಪರೀಕ್ಷೆ ಮರಾಠಿ ಅಥವಾ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಯೋಚಿಸುವ ಮಗುವಿಗೆ ಬೇರೆ ಬೀಗ ಹಾಕಬೇಕಾಗಿಲ್ಲ. ದೇಶದ ಗಣಿತ, ವಿಜ್ಞಾನ ಒಲಿಂಪಿಯಾಡುಗಳನ್ನು ನೋಡಿಕೊಳ್ಳುವ ಹೋಮಿ ಭಾಭಾ ಕೇಂದ್ರ ಇರುವುದು ಮಾನಖುರ್ದಿನಲ್ಲಿ. ಸಯನ್‌ನಲ್ಲಿ ಲೋಕಲ್ ಹತ್ತಿ ಕುರ್ಲಾದಲ್ಲಿ ಬದಲಿಸಿದರೆ ಸಾಕು. ಆದ್ದರಿಂದ ದೂರದ ನೆಪ ಹೇಳಬೇಡಿ, ಸಿಕ್ಕಿಬೀಳುತ್ತೀರಿ. "ಅದೆಲ್ಲಾ ದೊಡ್ಡೋರ ಮಕ್ಕಳಿಗಪ್ಪಾ" ಎನ್ನಿ. ಈ ಮಾತು ಎಲ್ಲ ಊರಲ್ಲೂ ಕೆಲಸ ಮಾಡಿದೆ.

ಹಳೆಯ ಕಥೆಗಳನ್ನು ಮಾತ್ರ ಕಿವಿಗೆ ಬೀಳಿಸಬೇಡಿ. ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಓದಿ, ಕೊನೆಗೆ ವಕೀಲರೂ ಬ್ಯಾಂಕಿನ ಸಾಹೇಬರೂ ಆದ ತುಳುನಾಡಿನ ಹುಡುಗರು ಇದೇ ಮುಂಬಯಿಯಲ್ಲಿದ್ದರು. ಎಳೆಯ ಮನಸ್ಸಿಗೆ ಇದು ಒಳ್ಳೆಯದಲ್ಲ.

ಕ್ಯಾಮೆರಾದವರು ಬಂದರೆ ಮಗುವನ್ನು ಧಾರಾಳವಾಗಿ ಮುಂದೆ ಬಿಡಿ. 2019ರ 'ಗಲ್ಲಿ ಬಾಯ್' ಸಿನಿಮಾ ಆದಮೇಲೆ ಪ್ರತಿ ಗಲ್ಲಿಯಲ್ಲೂ ಒಬ್ಬ ಪ್ರತಿಭಾವಂತ ಸಿಗಲೇಬೇಕೆಂದು ಅವರ ನಂಬಿಕೆ. "ಕಲೆಕ್ಟರ್ ಆಗುತ್ತೇನೆ" ಎಂದು ಹೇಳಿಸಿ. ಅವರು ಕಣ್ಣೊರೆಸಿಕೊಂಡು ಹೊರಡುವಾಗ ಪುಸ್ತಕ, ಟ್ಯೂಷನ್, ಓದಲು ಒಂದು ಮೂಲೆ ಅಂತೆಲ್ಲ ಕೇಳಿ ಮರ್ಯಾದೆ ಕಳೆದುಕೊಳ್ಳಬೇಡಿ.

ಇನ್ನು ಕನ್ನಡ ಸಂಘದ ಪದಾಧಿಕಾರಿಗಳಿಗೆ ಎರಡು ಮಾತು. ಐದನೆಯ ತರಗತಿಯಲ್ಲಿ ಕೈಹಿಡಿಯುವುದು ನಿಮ್ಮ ಕೆಲಸವಲ್ಲ. ಎಲ್ಲ ಅಡ್ಡಿ ದಾಟಿ ಯಾವುದಾದರೂ ಮಗು ಹತ್ತನೆಯಲ್ಲಿ ಶೇ. 90 ತೆಗೆಯುವವರೆಗೆ ಕಾಯಿರಿ. ಆಮೇಲೆ ಪ್ರತಿಭಾ ಪುರಸ್ಕಾರ ಏರ್ಪಡಿಸಿ, ಶಾಲು ಹೊದಿಸಿ, ದಾನಿಗಳ ಹೆಸರು ದಪ್ಪಕ್ಷರದಲ್ಲಿರುವ ನೆನಪಿನ ಕಾಣಿಕೆ ಕೊಡಿ. ಅಧ್ಯಕ್ಷರು ಮುಕ್ಕಾಲು ಗಂಟೆ ಮಾತಾಡಲಿ. ಅಕಸ್ಮಾತ್ ಹುಡುಗಿ ತಾನೂ ಏನೋ ಹೇಳಬೇಕೆಂದು ಮೈಕಿನ ಕಡೆ ಬಂದರೆ ಕೂಡಲೇ ರಾಷ್ಟ್ರಗೀತೆ ಹಾಕಿಸಿ.