ಕಾಲಯಂತ್ರಕ್ಕೊಂದು ಮನೆ

ಪಾವಗಡದವರಿಗೆ ಕಾಲಯಂತ್ರ ಹೊಸದೇನಲ್ಲ. ಬಹುಪಾಲು ಸುತ್ತಲೂ ಆಂಧ್ರವೇ ಇರುವ ತಾಲ್ಲೂಕು; 1991ರ ತೆಲುಗು ಚಿತ್ರ ‘ಆದಿತ್ಯ 369’ರಲ್ಲಿ ಬಾಲಕೃಷ್ಣ ಕೃಷ್ಣದೇವರಾಯನ ಕಾಲಕ್ಕೆ ಹೋಗಿಬಂದದ್ದನ್ನು ಮಧುಗಿರಿ, ಕೊರಟಗೆರೆಯವರಿಗಿಂತ ಮೊದಲೇ ನೋಡಿರುತ್ತಾರೆ.

ಆದರೆ ಎಚ್.ಜಿ. ವೆಲ್ಸ್ 1895ರಲ್ಲಿ ಬರೆದ ಕಾದಂಬರಿಯ ಯಂತ್ರ ಕಾಲದಲ್ಲಷ್ಟೇ ಓಡುತ್ತದೆ, ಇಟ್ಟ ಜಾಗ ಬಿಟ್ಟು ಕದಲುವುದಿಲ್ಲ. ಅದಕ್ಕೇ ಇಂಥ ಕಥೆ ಬರೆಯುವವನು ಮೊದಲು ಒಳ್ಳೆಯ ಮನೆ ಹುಡುಕಬೇಕು. ಶಿರಾದಲ್ಲಿಟ್ಟು ಹಿಡಿ ತಿರುಗಿಸಿದರೆ, ಅದು 1687ರಿಂದ ಮೊಗಲರ ಪ್ರಾಂತ್ಯದ ರಾಜಧಾನಿ, ಸೀದಾ ಸುಬೇದಾರನ ಕುದುರೆಲಾಯದಲ್ಲಿ ಇಳಿದರೂ ಇಳಿದೆವೇ. ಮಧುಗಿರಿಯ ಏಕಶಿಲಾ ಬೆಟ್ಟ ಯಾವ ಶತಮಾನಕ್ಕೂ ನಂಬಿಕಸ್ತ ಜಾಗ, ನಿಜ. ಯಂತ್ರವನ್ನು ಮೇಲಕ್ಕೆ ಹೊರುವವರು ಯಾರು?

ನನ್ನ ಆಯ್ಕೆ ಗೌರಿಬಿದನೂರು ದಾಟಿ ಚಿಕ್ಕಬಳ್ಳಾಪುರದ ಕಡೆ ಹೋದರೆ ಸಿಗುವ ಮುದ್ದೇನಹಳ್ಳಿ. ಅಲ್ಲಿ ವಿಶ್ವೇಶ್ವರಯ್ಯನವರ ಮನೆ ವಸ್ತುಸಂಗ್ರಹಾಲಯವಾಗಿ ಉಳಿದಿದೆ. ಯಾರೂ ಏನನ್ನೂ ಮುಟ್ಟುವಂತಿಲ್ಲವಾದ್ದರಿಂದ ಯಂತ್ರಕ್ಕೂ ಕ್ಷೇಮ.

ಯಾವ ವರ್ಷಕ್ಕೆ ಹೋಗುವುದು ಎಂಬಲ್ಲೇ ತಕರಾರು. ನೀರು ಗೊತ್ತಾದ ಮಟ್ಟ ಮುಟ್ಟಿದರೆ ತಾನೇ ತೆರೆದು, ಇಳಿದರೆ ತಾನೇ ಮುಚ್ಚಿಕೊಳ್ಳುವ ಅವರ ಬಾಗಿಲುಗಳು 1903ರಲ್ಲಿ ಬಂದದ್ದು ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿಗೆ. ಆಗ ಅವರು ಮುಂಬೈ ಸರ್ಕಾರದ ನೌಕರಿಯಲ್ಲಿ. ನಮ್ಮ ನಾಯಕ ಮುದ್ದೇನಹಳ್ಳಿಯಲ್ಲಿ ಇಳಿದು ‘ಸಾಹೇಬರಿದ್ದಾರಾ?’ ಎಂದರೆ, ‘ಪುಣೆಗೆ ಹೋಗಪ್ಪ’ ಎಂದಾರು. ಇನ್ನೂ ಹಿಂದಕ್ಕೆ, 1860ರ ದಶಕಕ್ಕೆ ಹೋದರೆ ಸಿಗುವವನು ಜಗಲಿಯ ಮೇಲೆ ಆಡುವ ಹುಡುಗ. ಸಂಶೋಧಕರ ಮನೆಗಳ ಹಣೆಬರಹವೇ ಇಷ್ಟು: ಮನೆ ಒಂದೂರಲ್ಲಿ, ಸಂಶೋಧನೆ ಇನ್ನೊಂದೂರಲ್ಲಿ.

ಸರಿ, ರಜೆಗೆ ಊರಿಗೆ ಬಂದ ಒಂದು ರಾತ್ರಿ ಸಿಕ್ಕರು ಎನ್ನಿ. ಕಥೆಗಾರನಿಗೆ ಅಷ್ಟೂ ಸ್ವಾತಂತ್ರ್ಯವಿಲ್ಲವೆ? ಸರ್ಕಾರಿ ಕೆಲಸಕ್ಕೆ ಸರ್ಕಾರದ ಮೇಣದಬತ್ತಿ, ಸ್ವಂತದ್ದಕ್ಕೆ ಸ್ವಂತ ಬತ್ತಿ ಉರಿಸುತ್ತಿದ್ದರೆಂಬ ಕಥೆ ನಮ್ಮ ಮೇಷ್ಟರುಗಳ ಬಾಯಲ್ಲಿ ಸವೆದಿದೆ. ಮುಂದಿನ ಶತಮಾನದಿಂದ ಬಂದವನಿಗೆ ಯಾವ ಬತ್ತಿ? ಅದು ತೀರ್ಮಾನವಾಗುವ ಮೊದಲೇ, ಗಡಿಯಾರ ನೋಡಿ ನಡೆದವರು, ‘ನೂರು ವರ್ಷ ತಡವಾಗಿ ಬಂದಿದ್ದೀರಿ’ ಎಂದು ಗದರಿಕೊಂಡಾರು.

ಬಂದವನು ಪಾವಗಡದವನಾದರೆ ಕೇಳುವುದು ನೀರನ್ನೇ. ‘ನಿಮ್ಮ ಬಾಗಿಲು ನಮ್ಮ ಕೆರೆಗೂ ಹಾಕಿಕೊಡಿ, ಸ್ವಾಮಿ.’ ‘ಕೆರೆ ತುಂಬುತ್ತದೆಯೋ?’ ಅವನು ಮಾತು ತಿರುಗಿಸಿ, ತನ್ನ ತಾಲ್ಲೂಕಿನ ತಿರುಮಣಿ ಸುತ್ತ ರೈತರ ಜಮೀನು ಗುತ್ತಿಗೆ ಹಿಡಿದು, ಸುಮಾರು 13,000 ಎಕರೆಯಲ್ಲಿ ಬಿಸಿಲಿನಿಂದ 2,050 ಮೆಗಾವಾಟ್ ಕರೆಂಟು ತೆಗೆಯುವ ಕಥೆ ಹೇಳುತ್ತಾನೆ. ಅವರಿಗೆ ಬೇಕಾದದ್ದು ಸಿಕ್ಕಿತು. ಎಕರೆಗೆ ಗುತ್ತಿಗೆ ಎಷ್ಟು, ರಾತ್ರಿ ಏನು ಮಾಡುತ್ತೀರಿ, ಆ ಕರೆಂಟಿನಲ್ಲಿ ಎಷ್ಟು ಪಂಪು ಓಡುತ್ತವೆ ಎಂದು ಪೆನ್ಸಿಲ್ ಹಿಡಿದು ಕೂರುತ್ತಾರೆ. ನಾಯಕ ಬೆಳಗಾಗುವ ತನಕ ಏಳುವಂತಿಲ್ಲ.